ಡೀಸೆಲ್ ಮೋಟರ್‌ಹೋಮ್ ತಗೊಳ್ಳಲೋ, ಪೆಟ್ರೋಲ್ ತಗೊಳ್ಳಲೋ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಮನೆ ಇರುವ ಗಾಡಿ, ಕೊಳ್ಳಲು ಹೊರಟ ನಮ್ಮವರು ಯಾರೇ ಸಿಗಲಿ, ಮೊದಲು ಕೇಳುವುದು ಇದನ್ನೇ. ನಮ್ಮಲ್ಲಿ ಏಳು ವರ್ಷ ಪೆಟ್ರೋಲ್ ಗಾಡಿ ಇತ್ತು. ಅದನ್ನು ಮಾರಿ ಡೀಸೆಲ್ ತಗೊಂಡು ಐದು ವರ್ಷ ಆಯ್ತು. ಎರಡರಲ್ಲೂ ರಾತ್ರಿ ಕಳೆದಿದ್ದೇವೆ. ಎರಡರ ಕೆಳಗೂ ನುಸುಳಿ ಅಂಗಿ ಕೊಳೆ ಮಾಡಿಕೊಂಡಿದ್ದೇನೆ. ಜನ ಕೇಳಿದ ಪ್ರಶ್ನೆಗಳನ್ನು, ನಾನು ಕೊಡುವ ಉತ್ತರಗಳ ಜೊತೆ, ಇಲ್ಲಿ ಬರೆದಿಟ್ಟಿದ್ದೇನೆ.

ಸುತ್ತಿ ಬಳಸಿ ಬೇಡ. ಯಾವುದು ತಗೊಳ್ಳಲಿ, ಹೇಳಿಬಿಡಿ.

ಗಾಡಿ ಮೂವತ್ತೈದು ಅಡಿಯೊಳಗೆ, ಓಡಾಟ ವರ್ಷಕ್ಕೆ ನಾಲ್ಕೈದು ಸಾವಿರ ಮೈಲಿ, ಹಿಂದೆ ಎಳೆಯುವುದು ಒಂದು ಸಣ್ಣ ಕಾರು ಅಥವಾ ಅದೂ ಇಲ್ಲ ಅನ್ನುವವರಿಗೆ ಪೆಟ್ರೋಲ್ ಸಾಕು. ಉಳಿದ ದುಡ್ಡನ್ನು ಟೈರಿಗೆ, ಚಾವಣಿಗೆ ಇಟ್ಟುಕೊಳ್ಳಿ. ಗಾಡಿ ದೊಡ್ಡದು, ಸಾಮಾನು ಜಾಸ್ತಿ, ತಿಂಗಳುಗಟ್ಟಲೆ ಅದರಲ್ಲೇ ವಾಸ, ಹೋಗುವುದೆಲ್ಲ ರಾಕಿ ಪರ್ವತಗಳ ಕಡೆಗೆ ಅನ್ನುವವರು ಡೀಸೆಲ್ ನೋಡಿ. ಆದರೆ ಇಂಧನದ ದುಡ್ಡು ಉಳಿಯುತ್ತದೆ ಅಂತ ಮಾತ್ರ ಡೀಸೆಲ್ ತಗೋಬೇಡಿ. ಉಳಿಯುವುದಿಲ್ಲ. ಲೆಕ್ಕ ಕೆಳಗಿದೆ.

ಇಲ್ಲಿ ಎಲ್ಲರೂ "ಗ್ಯಾಸ್ ಮೋಟರ್‌ಹೋಮ್" ಅನ್ನುತ್ತಾರೆ. ಅದು ಅಡುಗೆ ಗ್ಯಾಸಿನಿಂದ ಓಡುತ್ತದಾ?

ಇಲ್ಲ. ಅಮೆರಿಕದವರು ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ. ಒಲೆಗೆ, ಬಿಸಿನೀರಿಗೆ, ಹೀಟರಿಗೆ ಬೇಕಾದ ಪ್ರೊಪೇನ್‌ಗೆ ಬೇರೆ ಟ್ಯಾಂಕ್ ಇರುತ್ತದೆ. ಗಾಡಿ ಡೀಸೆಲ್ ಆದರೂ ಪೆಟ್ರೋಲ್ ಆದರೂ ಆ ಟ್ಯಾಂಕ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗೊಂದಲ ಬೇಡ ಅಂತ ಇಲ್ಲಿ ಉದ್ದಕ್ಕೂ ಪೆಟ್ರೋಲ್ ಅಂತಲೇ ಬರೆಯುತ್ತೇನೆ.

ಯಾವ ಬಗೆಯ ಗಾಡಿಯಲ್ಲಿ ಯಾವ ಎಂಜಿನ್ ಬರುತ್ತದೆ?

ಎಷ್ಟೋ ಸಲ ಈ ಆಯ್ಕೆ ನಿಮ್ಮ ಕೈಯಲ್ಲೇ ಇರುವುದಿಲ್ಲ. ಗಾಡಿಯ ಅಳತೆ ಆರಿಸಿದರೆ ಎಂಜಿನ್ನೂ ಆರಿಸಿದ ಹಾಗೆ.

ವ್ಯಾನಿನೊಳಗೇ ಮನೆ ಮಾಡಿರುವುದು ಕ್ಲಾಸ್ ಬಿ. ಅದನ್ನು ಮರ್ಸಿಡಿಸ್ ಸ್ಪ್ರಿಂಟರ್ ಮೇಲೆ ಕಟ್ಟಿದ್ದರೆ ಸಾಮಾನ್ಯವಾಗಿ ಡೀಸೆಲ್. ರ‍್ಯಾಮ್ ಪ್ರೊಮಾಸ್ಟರ್ ಅಥವಾ ಫೋರ್ಡ್ ಟ್ರಾನ್ಸಿಟ್ ಮೇಲೆ ಕಟ್ಟಿದ್ದರೆ ಪೆಟ್ರೋಲ್. ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವುದು ಕ್ಲಾಸ್ ಸಿ. ಇವುಗಳಲ್ಲಿ ಹೆಚ್ಚಿನವು ಫೋರ್ಡ್ ಇ-450 ಮೇಲೆ ನಿಂತಿವೆ, ಈಗ ಬರುವುದು 7.3 ಲೀಟರಿನ ವಿ8 ಪೆಟ್ರೋಲ್ ಎಂಜಿನ್. ಲಾರಿಯ ಮೂತಿ ಇಟ್ಟುಕೊಂಡು ಬರುವ "ಸೂಪರ್ ಸಿ" ಮಾತ್ರ ಬಹುತೇಕ ಡೀಸೆಲ್.

ನಿಜವಾದ ಹಗ್ಗಜಗ್ಗಾಟ ಇರುವುದು ಬಸ್ಸಿನಂತೆ ಕಾಣುವ ಕ್ಲಾಸ್ ಎ ಗಾಡಿಗಳಲ್ಲಿ. ಹೊಸ ಪೆಟ್ರೋಲ್ ಕ್ಲಾಸ್ ಎ ಅಂದರೆ ಫೋರ್ಡ್ ಎಫ್-53 ಚಾಸಿ ಅಂತಲೇ ತಿಳಿದುಕೊಳ್ಳಿ. ಮೊದಲು ಅದಕ್ಕೆ 6.8 ಲೀಟರಿನ ವಿ10 ಬರುತ್ತಿತ್ತು, ಆಮೇಲೆ 7.3 ವಿ8 ಬಂತು. ಡೀಸೆಲ್ ಆದರೆ ಫ್ರೈಟ್‌ಲೈನರ್ ಅಥವಾ ಸ್ಪಾರ್ಟನ್ ಚಾಸಿ, ಕಮಿನ್ಸ್ ಎಂಜಿನ್, ಆಲಿಸನ್ ಗೇರ್‌ಬಾಕ್ಸ್.

"ಡೀಸೆಲ್ ಪುಷರ್" ಅಂದರೇನು?

ಎಂಜಿನ್ ಹಿಂದೆ ಇರುವ ಗಾಡಿ. ಹಿಂದಿನಿಂದ ತಳ್ಳುತ್ತದೆ ಅನ್ನುವ ಅರ್ಥದಲ್ಲಿ ಆ ಹೆಸರು. ಪೆಟ್ರೋಲ್ ಕ್ಲಾಸ್ ಎಯಲ್ಲಿ ಎಂಜಿನ್ ಮುಂದೆ, ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ, ಒಂದು ಮುಚ್ಚಳದ ಕೆಳಗೆ ಇರುತ್ತದೆ. ಆ ಮುಚ್ಚಳಕ್ಕೆ ಇಲ್ಲಿನವರು ಡಾಗ್‌ಹೌಸ್ ಅನ್ನುತ್ತಾರೆ.

ಡೀಸೆಲ್‌ಗೆ ಮೈಲೇಜ್ ಜಾಸ್ತಿ ಅಲ್ವಾ? ಹಾಗಾದರೆ ದುಡ್ಡು ಉಳಿಯಬೇಕಲ್ಲ?

ಮೈಲೇಜ್ ಜಾಸ್ತಿ, ನಿಜ. ಒಂದು ಗ್ಯಾಲನ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಶೇ 13ರಷ್ಟು ಹೆಚ್ಚು ಶಕ್ತಿ ಇದೆ. ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತಿ ಉರಿಸುತ್ತದೆ, ಹಾಗಾಗಿ ಆ ಶಕ್ತಿಯಲ್ಲಿ ಹೆಚ್ಚಿನ ಪಾಲು ಚಕ್ರಕ್ಕೆ ಹೋಗುತ್ತದೆ. ಆದರೆ ಡೀಸೆಲ್ ಗಾಡಿ ತಾನೇ ಭಾರ. ಎಂಜಿನ್ ಭಾರ, ಚಾಸಿ ಭಾರ, ಅದರ ಮೇಲೆ ಕಟ್ಟಿದ ಮನೆಯೂ ಭಾರ. ಸಿಕ್ಕ ಲಾಭವನ್ನು ತೂಕವೇ ತಿಂದುಹಾಕುತ್ತದೆ.

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 5,000 ಮೈಲಿ ಅಂದುಕೊಳ್ಳಿ. ಪೆಟ್ರೋಲ್ ಗಾಡಿ ಗ್ಯಾಲನ್ನಿಗೆ 8 ಮೈಲಿ ಕೊಟ್ಟರೆ 625 ಗ್ಯಾಲನ್ ಬೇಕು. ಡೀಸೆಲ್ 9 ಮೈಲಿ ಕೊಟ್ಟರೆ ಸುಮಾರು 556 ಗ್ಯಾಲನ್. ಉಳಿದಿದ್ದು 69 ಗ್ಯಾಲನ್. ಈಗ ಬೆಲೆ ಹಾಕಿ. ಲೆಕ್ಕಕ್ಕೆ ಪೆಟ್ರೋಲ್ 3.20 ಡಾಲರ್, ಡೀಸೆಲ್ 3.80 ಡಾಲರ್ ಅಂತ ಇಟ್ಟುಕೊಂಡರೆ ಪೆಟ್ರೋಲಿಗೆ 2,000 ಡಾಲರ್, ಡೀಸೆಲ್‌ಗೆ ಸುಮಾರು 2,110. ಮೈಲೇಜ್ ಜಾಸ್ತಿ ಬಂದರೂ ಕೈಯಿಂದ ಜಾಸ್ತಿಯೇ ಹೋಯಿತು. ಫೆಡರಲ್ ತೆರಿಗೆಯೇ ಗ್ಯಾಲನ್ನಿಗೆ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್‌ಗೆ 24.4 ಸೆಂಟ್. ನಿಮ್ಮ ಕಡೆಯ ಇವತ್ತಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ. ಉತ್ತರ ಆಚೆ ಈಚೆ ಆದೀತು. ಆದರೆ ಎರಡು ಗಾಡಿಗಳ ಬೆಲೆಯ ಅಂತರವನ್ನು ಇದು ಎಂದೂ ತುಂಬುವುದಿಲ್ಲ.

ಕ್ಲಾಸ್ ಬಿ ವ್ಯಾನಿನ ಮಾತು ಬೇರೆ. ಅಲ್ಲಿ ಗಾಡಿಯ ತೂಕ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಡೀಸೆಲ್‌ನ ಮೈಲೇಜ್ ಎದ್ದು ಕಾಣುತ್ತದೆ.

ಬೆಟ್ಟ ಹತ್ತುವಾಗ ಪೆಟ್ರೋಲ್ ಗಾಡಿ ಸೋಲುತ್ತದೆ ಅನ್ನುತ್ತಾರೆ. ನಿಜವಾ?

ಸೋಲುವುದಿಲ್ಲ, ಏದುಸಿರು ಬಿಡುತ್ತದೆ. ಇಲ್ಲಿ ಎರಡು ಕಾರಣ ಸೇರಿಕೊಳ್ಳುತ್ತವೆ.

ಮೊದಲನೆಯದು ಟಾರ್ಕ್, ಅಂದರೆ ಚಕ್ರ ತಿರುಗಿಸುವ ಜೋರು. ಎಫ್-53ರ 7.3 ವಿ8 ಕೊಡುವುದು 468 ಪೌಂಡ್-ಫೀಟ್, ಅದೂ 3,900 ಆರ್‌ಪಿಎಂಗೆ ಏರಿದ ಮೇಲೆ. ಪುಷರ್‌ಗಳಲ್ಲಿ ಚಿಕ್ಕದು ಅನ್ನಿಸಿಕೊಳ್ಳುವ 6.7 ಲೀಟರ್ ಕಮಿನ್ಸ್ 700ರಿಂದ 800 ಕೊಡುತ್ತದೆ, ಅದೂ ಅದರ ಅರ್ಧದಷ್ಟು ಆರ್‌ಪಿಎಂ ಮುಟ್ಟುವ ಮೊದಲೇ. ದೊಡ್ಡ ಎಲ್9 ಎಂಜಿನ್ನಿನಲ್ಲಿ ಇದು 1,250ರವರೆಗೂ ಹೋಗುತ್ತದೆ.

ಎರಡನೆಯದು ಗಾಳಿ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐ-70 ಹೆದ್ದಾರಿಯಲ್ಲಿರುವ ಐಸೆನ್‌ಹೋವರ್ ಸುರಂಗ 11,000 ಅಡಿ ಎತ್ತರದಲ್ಲಿದೆ. ಕೆಳಗೆ 350 ಎಚ್‌ಪಿ ಇದ್ದ ಎಂಜಿನ್ ಅಲ್ಲಿಗೆ ಬರುವಾಗ ಸುಮಾರು 235 ಎಚ್‌ಪಿಯಷ್ಟೇ. ಡೀಸೆಲ್‌ನಲ್ಲಿ ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಹಾಗಾಗಿ ಅದಕ್ಕೆ ಎತ್ತರದ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ನಮ್ಮ ಹಳೆಯ ವಿ10 ಗಾಡಿಯಲ್ಲಿ ಆ ಸುರಂಗಕ್ಕೆ ಹತ್ತಿದ ದಿನ ಇನ್ನೂ ಕಣ್ಣಮುಂದಿದೆ. ಬಲಗಡೆಯ ಲೇನ್, ಹಜಾರ್ಡ್ ಲೈಟ್ ಹಾಕಿಕೊಂಡು, ಲಾರಿಗಳ ಹಿಂದೆ 32 ಮೈಲಿ ವೇಗ. ಎಂಜಿನ್ 4,500 ಆರ್‌ಪಿಎಂನಲ್ಲಿ ಒಂದೇ ಸಮನೆ ಕೂಗುತ್ತಿತ್ತು. ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಏನೋ ಕೇಳಿದಳು, ನನಗೆ ಬರೀ ತುಟಿ ಅಲ್ಲಾಡಿದ್ದು ಕಾಣಿಸಿತು. ಡಾಗ್‌ಹೌಸ್ ಎಷ್ಟು ಕಾದಿತ್ತೆಂದರೆ ಅವಳು ಕಾಲನ್ನು ಸೀಟಿನ ಮೇಲೆ ಮಡಚಿ ಕೂತಳು. ಆದರೂ ಗಾಡಿ ಹತ್ತಿತು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಜಾಗ ಬಿಟ್ಟು ಅಲ್ಲಾಡಲಿಲ್ಲ. ಆ ಎಂಜಿನ್ ಕೂಗಿಕೊಂಡೇ ಕೆಲಸ ಮಾಡುವ ಹಾಗೆ ಮಾಡಿದ್ದು. ಕೂಗಿತು ಅಂತ ಹೆದರಿ ಆಕ್ಸಿಲರೇಟರ್ ಬಿಡಬೇಡಿ.

ಇಂಥ ಏರು ನಿಮಗೆ ವರ್ಷಕ್ಕೆ ಎರಡು ಸಲ ಸಿಗುವುದಾದರೆ, ಎರಡು ಸಲ ಇಪ್ಪತ್ತು ನಿಮಿಷ ತಡ. ಅಷ್ಟಕ್ಕೇ ಡೀಸೆಲ್ ಬೇಕಾ ಅಂತ ಯೋಚಿಸಿ.

ಇಳಿಯುವಾಗ?

ಹತ್ತುವುದಕ್ಕಿಂತ ಇದು ಮುಖ್ಯ, ಆದರೆ ಯಾರೂ ಕೇಳುವುದಿಲ್ಲ. ಆರೆಗಾನ್‌ನ ಕ್ಯಾಬೇಜ್ ಹಿಲ್, ಕ್ಯಾಲಿಫೋರ್ನಿಯದ ಗ್ರೇಪ್‌ವೈನ್, ಇಂಥ ಶೇ 6ರ ಇಳಿಜಾರುಗಳಲ್ಲಿ ಹತ್ತು ಟನ್ ಗಾಡಿಯನ್ನು ಬರೀ ಕಾಲಿನ ಬ್ರೇಕ್ ಮೇಲೆ ಇಳಿಸಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ.

ಪುಷರ್‌ನಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ, ದೊಡ್ಡ ಎಂಜಿನ್‌ಗಳಲ್ಲಿ ಇನ್ನೂ ಬಲವಾದ ಕಂಪ್ರೆಷನ್ ಬ್ರೇಕ್. ಸ್ವಿಚ್ ಒತ್ತಿ ಕಾಲು ತೆಗೆದರೆ ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದ ಹಾಗೆ ಗಾಡಿ ನಿಧಾನವಾಗುತ್ತದೆ. ನಾವು ಡೀಸೆಲ್‌ಗೆ ಹೋಗಿದ್ದಕ್ಕೆ ನನ್ನ ಮಟ್ಟಿಗೆ ಮೊದಲ ಕಾರಣ ಇದೇ, ಹತ್ತುವ ಜೋರು ಆಮೇಲೆ. ಪೆಟ್ರೋಲ್ ಗಾಡಿಯಲ್ಲಿ ಟೋ-ಹಾಲ್ ಬಟನ್ ಒತ್ತಿ. ಗೇರ್ ತಾನೇ ಕೆಳಕ್ಕಿಳಿದು ಎಂಜಿನ್ ಗಾಡಿಯನ್ನು ತಡೆಯುತ್ತದೆ. ಜೋರು ಸದ್ದು ಬರುತ್ತದೆ, ಬರಲಿ ಬಿಡಿ. ಇಳಿಯಲು ಶುರು ಮಾಡುವ ಮೊದಲೇ ವೇಗ ಇಳಿಸಿ, ನಡುವಿನಲ್ಲಲ್ಲ.

ಎಷ್ಟು ಸಾಮಾನು ತುಂಬಬಹುದು? ಅದಕ್ಕೂ ಎಂಜಿನ್ನಿಗೂ ಏನು ಸಂಬಂಧ?

ನನ್ನ ಪ್ರಕಾರ ಈ ಪುಟದಲ್ಲಿ ನೀವು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಗಾಡಿಯ ಬಾಗಿಲ ಹತ್ತಿರ ಒಂದು ಹಳದಿ ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಇದಕ್ಕೆ ಇಲ್ಲಿ ಒಸಿಸಿಸಿ ಅನ್ನುತ್ತಾರೆ. ಕೆಲವು ಗಾಡಿಗಳಲ್ಲಿ ಆ ಅಂಕಿ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮೂವತ್ತು ಅಡಿ ಗಾಡಿ, ಆರು ಜನಕ್ಕೆ ಮಲಗುವ ಜಾಗ, ಆದರೆ ಹೊರುವ ಶಕ್ತಿ ಸಾವಿರದ ಚಿಲ್ಲರೆ ಪೌಂಡ್. ಒಂದು ಗ್ಯಾಲನ್ ನೀರು 8.3 ಪೌಂಡ್. ನೂರು ಗ್ಯಾಲನ್ನಿನ ಟ್ಯಾಂಕ್ ತುಂಬಿಸಿದರೆ ಅಲ್ಲಿಗೇ 830 ಪೌಂಡ್ ಮುಗಿಯಿತು. ಇನ್ನು ನಾಲ್ಕು ಜನ, ಪಾತ್ರೆ, ಬಟ್ಟೆ, ಮಕ್ಕಳ ಸೈಕಲ್ ಎಲ್ಲಿಗೆ?

ಇ-450 ಮೇಲಿನ ಕ್ಲಾಸ್ ಸಿ ಗಾಡಿಯ ಒಟ್ಟು ತೂಕಕ್ಕೆ 14,500 ಪೌಂಡ್ ಮಿತಿ. ಎಫ್-53 ಚಾಸಿಯಲ್ಲಿ 16,000ದಿಂದ 26,000 ಪೌಂಡ್‌ವರೆಗೆ ಬಗೆಬಗೆ ಇವೆ. ಪುಷರ್‌ಗಳು ಅಲ್ಲಿಂದ ಮೇಲಕ್ಕೆ ಹೋಗುತ್ತವೆ. ಡೀಸೆಲ್ ಅಂದಮಾತ್ರಕ್ಕೆ ಹೊರುವ ಶಕ್ತಿ ಜಾಸ್ತಿ ಅಂತ ತಿಳಿಯಬೇಡಿ. ಸ್ಪ್ರಿಂಟರ್ ಮೇಲೆ ಕಟ್ಟಿದ ಸಣ್ಣ ಕ್ಲಾಸ್ ಸಿ ಡೀಸೆಲ್ಲೇ, ಆದರೆ ಹೊರುವ ವಿಷಯದಲ್ಲಿ ಎಷ್ಟೋ ಪೆಟ್ರೋಲ್ ಗಾಡಿಗಳಿಗಿಂತ ಹಿಂದೆ.

ಕೊಂಡ ಮೇಲೆ ನೀರು, ಇಂಧನ, ಸಾಮಾನು, ಜನ ಎಲ್ಲ ತುಂಬಿಕೊಂಡು ಲಾರಿ ನಿಲ್ಲುವ ಬಂಕಿನಲ್ಲಿರುವ ಕ್ಯಾಟ್ ತೂಕದ ಸೇತುವೆ ಹತ್ತಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡರ ತೂಕವೂ ಬೇರೆಬೇರೆಯಾಗಿ ಚೀಟಿಯಲ್ಲಿ ಬರುತ್ತದೆ. ನಮ್ಮ ಮೊದಲ ಚೀಟಿಯಲ್ಲಿ ಹಿಂದಿನ ಆಕ್ಸಲ್ ಮಿತಿ ದಾಟಿ 340 ಪೌಂಡ್ ಜಾಸ್ತಿ ಇತ್ತು. ಎರಡು ವರ್ಷ ಹಾಗೇ ಓಡಾಡಿದ್ದೆವು, ಟೈರ್ ಒಡೆಯದೆ ಇದ್ದದ್ದು ನಮ್ಮ ಪುಣ್ಯ. ಅವತ್ತೇ ಹಿಂದಿನ ಡಿಕ್ಕಿಯ ಟೂಲ್ ಪೆಟ್ಟಿಗೆ ಮುಂದಕ್ಕೆ ಬಂತು, ಅರ್ಧ ನೀರು ಖಾಲಿ ಆಯಿತು.

ಹಿಂದೆ ಜೀಪ್ ಎಳೆದುಕೊಂಡು ಹೋಗಬೇಕು ಅಂತಿದೀವಿ.

ಪೆಟ್ರೋಲ್ ಕ್ಲಾಸ್ ಎಯಲ್ಲಿ ಹೆಚ್ಚಾಗಿ ಸಿಗುವ ಮಿತಿ 5,000 ಪೌಂಡ್. ನಾಲ್ಕು ಬಾಗಿಲಿನ ರ‍್ಯಾಂಗ್ಲರ್‌ಗೆ ಅದು ಹೆಚ್ಚುಕಮ್ಮಿ ಸರಿಹೋಗುತ್ತದೆ. ಅದರ ಮೇಲೆ ಬೇರೇನೂ ಹಿಡಿಸದು. ಪುಷರ್‌ನಲ್ಲಿ 10,000 ಸಾಮಾನ್ಯ, ದೊಡ್ಡವುಗಳಲ್ಲಿ 15,000 ಮೀರಿಯೂ ಇದೆ. ಹುಕ್ಕಿನ ಮೇಲೆ ಬರೆದ ಅಂಕಿ ಮಾತ್ರ ನೋಡಿ ನಿಲ್ಲಬೇಡಿ. ಗಾಡಿ ಮತ್ತು ಎಳೆಯುವ ಕಾರು ಎರಡೂ ಸೇರಿದ ಒಟ್ಟು ತೂಕಕ್ಕೆ ಇನ್ನೊಂದು ಮಿತಿ ಇದೆ. ಗಾಡಿ ಪೂರ್ತಿ ತುಂಬಿದ್ದರೆ ಕಾರಿಗೆ ಉಳಿಯುವುದು ಕಡಿಮೆ.

ಓಡಿಸುವಾಗ ಸದ್ದು, ಕುಲುಕಾಟ ಹೇಗೆ?

ಇದರಲ್ಲಿ ಪುಷರ್‌ಗೆ ಸಾಟಿ ಇಲ್ಲ. ಎಂಜಿನ್ ಮೂವತ್ತೈದು ಅಡಿ ಹಿಂದೆ. ಮುಂದೆ ಕೂತವರಿಗೆ ಗಾಳಿಯ ಸದ್ದು, ಟೈರಿನ ಸದ್ದು ಅಷ್ಟೇ. ಕೆಳಗೆ ಗಾಳಿ ತುಂಬಿದ ಏರ್ ಬ್ಯಾಗ್ ಸಸ್ಪೆನ್ಷನ್. ಎಫ್-53ರಲ್ಲಿ ಲಾರಿಯಂತೆ ಪಟ್ಟಿ ಸ್ಪ್ರಿಂಗ್. ಸೇತುವೆಯ ಜಾಯಿಂಟ್ ದಾಟುವಾಗ ಕಪಾಟಿನೊಳಗಿನ ತಟ್ಟೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಎದುರಿನಿಂದ ದೊಡ್ಡ ಲಾರಿ ಹಾದುಹೋದರೆ ಸ್ಟಿಯರಿಂಗ್ ಸ್ವಲ್ಪ ಎಳೆಯುತ್ತದೆ. ಒಳ್ಳೆಯ ಶಾಕ್ ಅಬ್ಸಾರ್ಬರ್, ಟ್ರ್ಯಾಕ್ ಬಾರ್, ಸ್ಟಿಯರಿಂಗ್ ಸ್ಟೆಬಿಲೈಸರ್ ಹಾಕಿಸಿದರೆ ಎಷ್ಟೋ ಸುಧಾರಿಸುತ್ತದೆ. ತೂಕ ನೋಡಿ ಟೈರಿನ ಗಾಳಿ ಸರಿ ಮಾಡಿದರೆ ಖರ್ಚಿಲ್ಲದೆಯೇ ಅರ್ಧ ಕುಲುಕಾಟ ಹೋಗುತ್ತದೆ.

ದಿನಕ್ಕೆ ಎರಡು ಮೂರು ಗಂಟೆ ಓಡಿಸುವವರಿಗೆ ಈ ವ್ಯತ್ಯಾಸ ಅಷ್ಟು ಕಾಡುವುದಿಲ್ಲ. ದಿನಕ್ಕೆ ಏಳು ಗಂಟೆ ಓಡಿಸಿದರೆ ಸಂಜೆ ಇಳಿಯುವಾಗ ಸೊಂಟ ಹೇಳುತ್ತದೆ.

ಡಿಇಎಫ್ ಅಂದರೇನು? ಅದರ ಬಗ್ಗೆ ಎಲ್ಲರೂ ಯಾಕೆ ಬೈಯುತ್ತಾರೆ?

2010ರ ನಂತರದ ಡೀಸೆಲ್ ಗಾಡಿಗಳ ಹೊಗೆ ಶುದ್ಧ ಮಾಡಲು ಬಳಸುವ ದ್ರವ. ಶೇ 32.5 ಯೂರಿಯ, ಉಳಿದದ್ದು ಶುದ್ಧ ನೀರು. ಅದಕ್ಕೆ ಬೇರೆಯೇ ಟ್ಯಾಂಕ್, ಬೇರೆಯೇ ನೀಲಿ ಮುಚ್ಚಳ. ಖರ್ಚಾಗುವುದು ನಿಧಾನ, ಬೆಲೆಯೂ ದೊಡ್ಡದಲ್ಲ. ತೊಂದರೆ ಇರುವುದು ಅದನ್ನು ಅಳೆಯುವ ಸೆನ್ಸರ್‌ನಲ್ಲಿ. ದ್ರವ ಇಲ್ಲ ಅಥವಾ ಕೆಟ್ಟಿದೆ ಅಂತ ಕಂಪ್ಯೂಟರಿಗೆ ಅನ್ನಿಸಿದರೆ ಅದು ಎಂಜಿನ್ನಿನ ಶಕ್ತಿ ಇಳಿಸುತ್ತಾ ಹೋಗಿ ಕೊನೆಗೆ ಗಂಟೆಗೆ 5 ಮೈಲಿಗೆ ಕಟ್ಟಿಹಾಕಬಹುದು.

ನ್ಯೂ ಮೆಕ್ಸಿಕೋದಲ್ಲಿ ಐ-40ರ ಮೇಲೆ ನಮಗೆ ಇದೇ ಆಯಿತು. ಟ್ಯಾಂಕ್ ತುಂಬಿತ್ತು, ಹಿಂದಿನ ದಿನವಷ್ಟೇ ಹಾಕಿಸಿದ್ದೆ. ಮುಳ್ಳು ಮಾತ್ರ ಸೊನ್ನೆ ತೋರಿಸುತ್ತಿತ್ತು. ಮೊದಲು ಹಳದಿ ದೀಪ, ಆಮೇಲೆ ಕೆಂಪು. ಮುಂದಿನ ಲಾರಿ ಬಂಕಿಗೆ ಹೇಗೋ ತಲುಪಿದೆವು. ಅಲ್ಲಿಂದ ನಾಲ್ಕು ದಿನ ಕದಲಲಿಲ್ಲ. ಕೆಟ್ಟಿದ್ದು ಅಂಗೈಯಲ್ಲಿ ಹಿಡಿಸುವ ಒಂದು ಸೆನ್ಸರ್. ಪುಣ್ಯಕ್ಕೆ ಹಾಸಿಗೆ, ಒಲೆ ಎಲ್ಲ ಜೊತೆಗೇ ಇತ್ತು. 2021ರಲ್ಲಿ ಚಿಪ್ ಕೊರತೆಯಿಂದ ಇದೇ ಸೆನ್ಸರ್ ಸಿಗದೆ ಅನೇಕ ಮೋಟರ್‌ಹೋಮ್‌ಗಳು ವಾರಗಟ್ಟಲೆ ನಿಂತುಬಿಟ್ಟಿದ್ದವು.

ಡಿಇಎಫ್ ಬಿಸಿಲಿಗೆ ಕೆಡುತ್ತದೆ, -11 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ. ದೊಡ್ಡ ಕ್ಯಾನ್ ತಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ಇಡಬೇಡಿ. ಲಾರಿ ಲೇನಿನ ಪಂಪಿನಲ್ಲಿ ಸಿಗುವುದು ತಾಜಾ ಇರುತ್ತದೆ, ಅಲ್ಲೇ ಹಾಕಿಸಿ.

ರೀಜೆನ್ ಅಂದರೆ?

2007ರ ನಂತರದ ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಅದೇ ಡಿಪಿಎಫ್. ಅದು ತುಂಬಿದಾಗ ಒಳಗಿನ ಮಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟು ಖಾಲಿ ಮಾಡುವುದು ರೀಜೆನ್. ಹೆದ್ದಾರಿಯಲ್ಲಿ ಹೋಗುವಾಗ ತಾನಾಗೇ ಆಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಬೆಳಿಗ್ಗೆ ಸುಮ್ನೆ ಅರ್ಧ ಗಂಟೆ ಎಂಜಿನ್ ಓಡಲು ಬಿಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಮಸಿ ಕೂರುವುದೇ ಹಾಗೆ. ನಿಲ್ಲಿಸಿ ರೀಜೆನ್ ಮಾಡಬೇಕಾಗಿ ಬಂದರೆ ಒಣ ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ಸರ್ವಿಸ್ ಖರ್ಚು ಎಷ್ಟು ವ್ಯತ್ಯಾಸ?

ಪೆಟ್ರೋಲ್ 7.3 ಎಂಜಿನ್ನಿಗೆ ಆಯಿಲ್ 8 ಕ್ವಾರ್ಟ್ (ಒಂದು ಕ್ವಾರ್ಟ್ ಅಂದರೆ ಹೆಚ್ಚುಕಮ್ಮಿ ಒಂದು ಲೀಟರ್). ಸಣ್ಣ ಡೀಸೆಲ್‌ಗೇ ಅದರ ಎರಡು ಪಟ್ಟು, ದೊಡ್ಡದಕ್ಕೆ ಮೂರು ಪಟ್ಟು ಬೇಕು. ಮೇಲೆ ಎರಡು ಡೀಸೆಲ್ ಫಿಲ್ಟರ್, ಏರ್ ಬ್ರೇಕಿನ ಡ್ರೈಯರ್, ಚಾಸಿ ಪೂರ್ತಿ ಗ್ರೀಸ್. ಪೆಟ್ರೋಲ್ ಗಾಡಿಯನ್ನು ಲಾರಿ-ವ್ಯಾನ್ ನೋಡುವ ಸಾಧಾರಣ ಗ್ಯಾರೇಜಿನಲ್ಲೂ ರಿಪೇರಿ ಮಾಡಿಸಬಹುದು. ಸಣ್ಣ ಊರಿನಲ್ಲಿ ಕೆಟ್ಟರೂ ಬಿಡಿಭಾಗ ಸಿಗುತ್ತದೆ. ಪುಷರ್‌ಗೆ ದೊಡ್ಡ ಲಾರಿಗಳ ಗ್ಯಾರೇಜೇ ಬೇಕು. ಅಲ್ಲಿ ದುಡಿಯುವ ಲಾರಿಗಳ ಸಾಲು ಇರುತ್ತದೆ, ನಿಮ್ಮ ಸರದಿ ಆಮೇಲೆ.

ಯಾರೂ ಹೇಳದ ಒಂದು ಕೆಲಸ ಹೇಳುತ್ತೇನೆ. ರೇಡಿಯೇಟರ್ ಹಿಂಭಾಗದಲ್ಲೇ ಇರುವ ಪುಷರ್‌ಗಳಲ್ಲಿ ಎಂಜಿನ್ ಉಸಿರು ಬಿಡುವ ಪೈಪಿನಿಂದ ಸಣ್ಣಗೆ ಆಯಿಲ್ ಹನಿ ಹಾರುತ್ತದೆ. ಚಕ್ರ ಎಬ್ಬಿಸಿದ ದೂಳು ಅದಕ್ಕೆ ಅಂಟಿಕೊಂಡು ರೇಡಿಯೇಟರ್ ಮುಂದಿನ ಕೂಲರಿಗೆ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ. ಹೊರಗಿನಿಂದ ನೋಡಿದರೆ ಥಳಥಳ, ಒಳಮೈ ಮಾತ್ರ ಕಪ್ಪು ಕೊಚ್ಚೆ. ನಮ್ಮ ಗಾಡಿ ಏರಿನಲ್ಲಿ ಬಿಸಿಯಾಗಲು ಶುರುವಾದಾಗ ಮೊದಲು ಥರ್ಮೋಸ್ಟಾಟ್ ಬದಲಿಸಿದೆ, ಪ್ರಯೋಜನ ಆಗಲಿಲ್ಲ. ಕೊನೆಗೆ ಹಾಸಿಗೆ ಎತ್ತಿ, ಮುಚ್ಚಳ ತೆಗೆದು, ಟಾರ್ಚ್ ಹಾಕಿ ನೋಡಿದರೆ ಬೆರಳಿಗೆ ಜಿಡ್ಡು ಪದರ ಸಿಕ್ಕಿತು. ಡಿಗ್ರೀಸರ್ ಹಾಕಿ ಮೆಲ್ಲಗೆ ನೀರು ಬಿಟ್ಟು ತೊಳೆದರೆ ಕೆಳಗೆ ಹರಿದಿದ್ದು ಕಾಫಿ ಡಿಕಾಕ್ಷನ್ ಬಣ್ಣದ ನೀರು. ಮುಂದಿನ ಏರಿನಲ್ಲಿ ಬಿಸಿ ಮುಳ್ಳು ಅಲ್ಲಾಡಲಿಲ್ಲ. ಜೋರಾದ ಪ್ರೆಷರ್ ನೀರು ಹೊಡೆಯಬೇಡಿ, ತೆಳು ರೆಕ್ಕೆಗಳು ಮಡಚಿಹೋಗುತ್ತವೆ.

ಡೀಸೆಲ್ ಎಂಜಿನ್ ಮೂರು ಲಕ್ಷ ಮೈಲಿ ಬಾಳುತ್ತದಂತೆ?

ಬಾಳುತ್ತದೆ. ಆದರೆ ನೀವು ಓಡಿಸುವುದೆಷ್ಟು? ವರ್ಷಕ್ಕೆ 5,000 ಮೈಲಿಯಂತೆ ಇಪ್ಪತ್ತು ವರ್ಷಕ್ಕೆ ಒಂದು ಲಕ್ಷ. ಚೆನ್ನಾಗಿ ನೋಡಿಕೊಂಡ ಪೆಟ್ರೋಲ್ ಎಂಜಿನ್ನಿಗೂ ಒಂದು ಲಕ್ಷ ದೊಡ್ಡ ಮಾತಲ್ಲ.

ಅಷ್ಟರೊಳಗೆ ಮನೆ ಭಾಗ ಹಳತಾಗಿರುತ್ತದೆ. ಚಾವಣಿಯ ಸೀಲಂಟ್ ಬಿರುಕು ಬಿಟ್ಟು ನೀರು ಇಳಿಯುತ್ತದೆ, ಗೋಡೆಯೊಳಗಿನ ಪ್ಲೈವುಡ್ ಮೆತ್ತಗಾಗುತ್ತದೆ, ಸ್ಲೈಡ್, ಅಂದರೆ ನಿಲ್ಲಿಸಿದಾಗ ಹೊರಕ್ಕೆ ಚಾಚುವ ಕೋಣೆಯ ಭಾಗ, ಸಿಕ್ಕಿಕೊಳ್ಳುತ್ತದೆ. ಟೈರ್‌ಗಳಂತೂ ಸವೆಯುವ ಮೊದಲೇ ವಯಸ್ಸಾಗಿ ಆರೇಳು ವರ್ಷಕ್ಕೆ ಬದಲಿಸಬೇಕು. ಮೋಟರ್‌ಹೋಮ್ ಸಾಯುವುದು ಎಂಜಿನ್ನಿನಿಂದಲ್ಲ, ನೀರಿನಿಂದ. ಮಾರುವವರು ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡಿದರೆ ಏಣಿ ಕೇಳಿ, ಚಾವಣಿ ಹತ್ತಿ ನೋಡಿ.

ಇಂಧನ ತುಂಬಿಸಲು ಯಾವುದು ಸುಲಭ?

ಡೀಸೆಲ್. ಲಾರಿ ಲೇನ್ ಅಗಲ, ಎತ್ತರದ ಚಿಂತೆ ಇಲ್ಲ, ಪಂಪ್ ಜೋರಾಗಿ ಹರಿಯುತ್ತದೆ. ಪೆಟ್ರೋಲ್ ಬೇಕಾದರೆ ಕಾರುಗಳ ಸಾಲಿಗೇ ಹೋಗಬೇಕು. ಉದ್ದ ಗಾಡಿ, ಹಿಂದೆ ಕಾರು ಬೇರೆ. ಆ ಕಾರನ್ನು ಕಟ್ಟಿಕೊಂಡು ರಿವರ್ಸ್ ತೆಗೆಯಲಾಗುವುದಿಲ್ಲ, ಹಾಗಾಗಿ ಒಳಗೆ ನುಗ್ಗುವ ಮೊದಲೇ ಹೊರಗೆ ಬರುವ ದಾರಿ ನೋಡಿಕೊಳ್ಳಬೇಕು. ಎಫ್-53ರ 80 ಗ್ಯಾಲನ್ ಟ್ಯಾಂಕ್ ಇಲ್ಲಿ ಉಪಕಾರಿ. ಅರ್ಧಕ್ಕೆ ಬಂದಾಗಲೇ ಅನುಕೂಲದ ಬಂಕ್ ನೋಡಿ ತುಂಬಿಸಿಬಿಡಿ.

ಪಂಪಿನ ಹಿಡಿಯ ಬಣ್ಣ ನಂಬಬೇಡಿ. ಡೀಸೆಲ್‌ಗೆ ಹಸಿರು ಹಿಡಿ ಅಂತ ರೂಢಿ, ಆದರೆ ಕೆಲವು ಬಂಕ್‌ಗಳಲ್ಲಿ ಹಸಿರು ಹಿಡಿಯಲ್ಲಿ ಬರುವುದು ಪೆಟ್ರೋಲ್. ಬರೆದಿರುವ ಅಕ್ಷರ ಓದಿ. ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ದರೆ ಎಂಜಿನ್ ಶುರು ಮಾಡಲೇಬೇಡಿ, ಕೀಲಿ ಕೂಡ ತಿರುಗಿಸಬೇಡಿ. ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಿ.

ಚಳಿಗಾಲದಲ್ಲಿ?

ಡೀಸೆಲ್‌ನಲ್ಲಿ ಮೇಣದಂಥ ಅಂಶ ಇದೆ. ತೀರಾ ಚಳಿಗೆ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಚಳಿ ಪ್ರದೇಶದ ಬಂಕ್‌ಗಳಲ್ಲಿ ಚಳಿಗಾಲಕ್ಕೆಂದೇ ಬೆರೆಸಿದ ಡೀಸೆಲ್ ಸಿಗುತ್ತದೆ. ತೊಂದರೆ ಆಗುವುದು ಫ್ಲೋರಿಡಾದಲ್ಲಿ ತುಂಬಿಸಿಕೊಂಡು ನೇರ ಮಿನ್ನೆಸೋಟಕ್ಕೆ ಹೋದವರಿಗೆ. ದಾರಿಯಲ್ಲೇ ಟ್ಯಾಂಕ್ ಖಾಲಿ ಮಾಡಿಕೊಂಡು ಉತ್ತರದ ಡೀಸೆಲ್ ತುಂಬಿಸಿ. ಪೆಟ್ರೋಲಿಗೆ ಈ ಕಾಟ ಇಲ್ಲ.

ಆರು ತಿಂಗಳು ನಿಲ್ಲಿಸಿಟ್ಟರೆ ಯಾವುದು ಕೆಡುತ್ತದೆ?

ಎರಡೂ, ಬೇರೆಬೇರೆ ರೀತಿಯಲ್ಲಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿ ಹಳಸುತ್ತದೆ, ಸ್ಟೆಬಿಲೈಸರ್ ಹಾಕಿ. ಡೀಸೆಲ್ ಟ್ಯಾಂಕಿನಲ್ಲಿ ನೀರು ಕೂತರೆ ಅದರಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಯಾಗುತ್ತದೆ, ಟ್ಯಾಂಕ್ ತುಂಬಿಟ್ಟು ನಿಲ್ಲಿಸಿ. ತಿಂಗಳಿಗೊಮ್ಮೆ ಜನರೇಟರ್ ಅರ್ಧ ಲೋಡ್ ಹಾಕಿ ಓಡಿಸುವುದು ಮರೆಯಬೇಡಿ.

ಜನರೇಟರ್‌ನಲ್ಲಿ ವ್ಯತ್ಯಾಸ ಇದೆಯಾ?

ಗಾಡಿ ಯಾವುದೋ ಜನರೇಟರ್ ಸಾಮಾನ್ಯವಾಗಿ ಅದೇ. ಅದು ಗಾಡಿಯ ಟ್ಯಾಂಕಿನಿಂದಲೇ ಕುಡಿಯುತ್ತದೆ, ಕಾಲು ಟ್ಯಾಂಕ್ ಉಳಿದಾಗ ತಾನೇ ನಿಲ್ಲುತ್ತದೆ. ಕಾಡಿನ ನಡುವೆ ಸಿಕ್ಕಿಕೊಳ್ಳದಿರಲಿ ಅಂತ ಈ ಏರ್ಪಾಡು. ಡೀಸೆಲ್ ಜನರೇಟರ್ ನಿಧಾನವಾಗಿ ತಿರುಗುತ್ತದೆ, ಪಕ್ಕದ ಗಾಡಿಯವರಿಗೆ ಕಿರಿಕಿರಿ ಕಡಿಮೆ.

ಲೈಸೆನ್ಸ್ ಬೇರೆ ಬೇಕಾ?

ರಾಜ್ಯದ ಮೇಲೆ ಹೋಗುತ್ತದೆ, ಎಂಜಿನ್ ಮೇಲಲ್ಲ. ಟೆಕ್ಸಸ್‌ನಲ್ಲಿ 26,000 ಪೌಂಡ್ ದಾಟಿದ ಗಾಡಿಗೆ ವಾಣಿಜ್ಯೇತರ ಕ್ಲಾಸ್ ಬಿ ಲೈಸೆನ್ಸ್ ಬೇಕು (ಮೇಲೆ ಹೇಳಿದ ಕ್ಲಾಸ್ ಬಿ ವ್ಯಾನಿಗೂ ಈ ಹೆಸರಿಗೂ ಸಂಬಂಧ ಇಲ್ಲ). ಕ್ಯಾಲಿಫೋರ್ನಿಯದಲ್ಲಿ 40 ಅಡಿ ದಾಟಿದರೆ ಅದೇ. ಪುಷರ್‌ಗಳು ಈ ಮಿತಿಗಳನ್ನು ಸುಲಭವಾಗಿ ದಾಟುತ್ತವೆ. ಇನ್ನೊಂದು ವಿಷಯ: ಕ್ಯಾಲಿಫೋರ್ನಿಯದಲ್ಲಿ ನೋಂದಾಯಿಸಿದ, 14,000 ಪೌಂಡ್‌ಗಿಂತ ಭಾರದ ಡೀಸೆಲ್ ಮೋಟರ್‌ಹೋಮ್‌ಗಳಿಗೆ ಕ್ಲೀನ್ ಟ್ರಕ್ ಚೆಕ್ ಅನ್ನುವ ಹೊಗೆ ತಪಾಸಣೆ ಇದೆ.

ಹಳೆಯ ಡೀಸೆಲ್ ತಗೊಂಡರೆ ಈ ಡಿಇಎಫ್ ಕಾಟ ತಪ್ಪುತ್ತದಲ್ಲ?

ತಪ್ಪುತ್ತದೆ. 2007ಕ್ಕಿಂತ ಮೊದಲಿನ ಎಂಜಿನ್ ಆದರೆ ಡಿಪಿಎಫ್ ಕೂಡ ಇಲ್ಲ. ತಿಳಿದವರು ಇವನ್ನು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಒಂದು ಎಚ್ಚರಿಕೆ: ಎಂಜಿನ್ ತಯಾರಾದ ತಾರೀಖು ನೋಡಿ, ಗಾಡಿಯ ಮಾಡೆಲ್ ವರ್ಷವಲ್ಲ. 2007ರ ಗಾಡಿಯಲ್ಲಿ 2006ರ ಎಂಜಿನ್ ಇರಬಹುದು. ಎಂಜಿನ್ ಮೇಲಿನ ತಗಡಿನಲ್ಲಿ ಬರೆದಿರುತ್ತದೆ. ಆದರೆ ಇಷ್ಟು ಹಳೆಯ ಗಾಡಿಯಲ್ಲಿ ಏರ್ ಬ್ಯಾಗ್, ರಬ್ಬರ್ ಪೈಪ್, ಬ್ರೇಕಿನ ಗಾಳಿ ಲೈನ್ ಎಲ್ಲ ಒಣಗಿರುತ್ತವೆ. ಅದಕ್ಕೆ ಬೇರೆ ದುಡ್ಡು ಎತ್ತಿಡಿ.

ನೋಡಲು ಹೋದಾಗ ಏನೇನು ಮಾಡಲಿ?

ಮಾರುವವರಿಗೆ ಮೊದಲೇ ಫೋನ್ ಮಾಡಿ, ನಾವು ಬರುವವರೆಗೆ ಎಂಜಿನ್ ಶುರು ಮಾಡಬೇಡಿ ಅಂತ ಹೇಳಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಟೈರಿನ ಬದಿಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರದ ಟೈರ್. ಒಳಗಿನ ಚಕ್ರದ ಟೈರನ್ನೂ ನೋಡಿ. ಪುಷರ್ ಆದರೆ ಏರ್ ಬ್ರೇಕಿನ ಗಾಳಿ ತುಂಬಿಸಿ, ಎಂಜಿನ್ ಆರಿಸಿ, ಹತ್ತು ನಿಮಿಷ ಗಾಳಿಯ ಒತ್ತಡದ ಮುಳ್ಳು ನೋಡುತ್ತಾ ಕೂರಿ. ಸರಸರ ಇಳಿದರೆ ಎಲ್ಲೋ ಸೋರುತ್ತಿದೆ.

ಆಮೇಲೆ ಹೆದ್ದಾರಿಗೆ ತಗೊಂಡು ಹೋಗಿ, ಒಂದು ಏರು ಹತ್ತಿಸಿ, ಇಳಿಸಿ. ಸಂಗಾತಿಯನ್ನು ಪಕ್ಕದ ಸೀಟಿನಲ್ಲಿ ಅರ್ಧ ದಾರಿ, ಹಿಂದಿನ ಸೋಫಾದಲ್ಲಿ ಅರ್ಧ ದಾರಿ ಕೂರಿಸಿ. ವಾಪಸ್ ಬಂದು ಇಂಜಿನ್ ಆರಿಸಿದ ಮೇಲೆ, ಮಾರುವವರು ಹತ್ತಿರ ಇಲ್ಲದಾಗ, ಮೊದಲು ಸಂಗಾತಿಯ ಅಭಿಪ್ರಾಯ ಕೇಳಿ.